ಮಲ್ಲಯ್ಯನ ದಾರಿಯಲ್ಲಿ ಬರೆದಿಟ್ಟುಕೊಂಡದ್ದು

ಶ್ರೀಶೈಲಕ್ಕೆ ನಡೆದು ಹೋಗಿ ಬಂದವರನ್ನು ನಮ್ಮ ಕಡೆ ಎಲ್ಲರೂ ಕೇಳುವುದು ಎರಡು ಮಾತು. ಕಾಲು ಹೆಂಗದಾವ್ರೀ? ಏನರ ಅನುಭವ ಆತೇನ್ರಿ? ಮೊದಲನೆಯದಕ್ಕೆ ಅಂಗಾಲು ತೋರಿಸಿದರೆ ಮುಗಿಯಿತು. ಎರಡನೆಯದು ಅಷ್ಟು ಸುಲಭ ಇಲ್ಲ. ಕೇಳುವವರ ಮನಸ್ಸಿನಲ್ಲಿ ಅನುಭವ ಅಂದರೆ ಒಂದೇ ಬಗೆ. ಬೆಳಕು ಕಂಡಿರಬೇಕು, ಇಲ್ಲ ದನಿ ಕೇಳಿರಬೇಕು, ಕಡೇಪಕ್ಷ ಗಳಗಳ ಅತ್ತಿರಬೇಕು. ಇದ್ಯಾವುದೂ ಆಗಲಿಲ್ಲ ಅಂದರೆ "ಹಂಗಾದ್ರ ಸುಮ್ನ ಹೋಗಿ ಬಂದ್ರಿ" ಅಂತ ಮುಖ ಸಣ್ಣದು ಮಾಡುತ್ತಾರೆ.

ನಾನು ಬಾಗಲಕೋಟೆ ಜಿಲ್ಲೆಯವನು. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಬೆಳಿಗ್ಗೆ ಮನೆಯಲ್ಲಿ ಇಷ್ಟಲಿಂಗ ಪೂಜೆ. ಯುಗಾದಿಗೆ ಮುಂಚೆ ರಜೆ ಹೊಂದಿಸಿಕೊಳ್ಳಲು ಆದಾಗಲೆಲ್ಲ ಮಲ್ಲಯ್ಯನ, ಅಂದರೆ ಶ್ರೀಶೈಲದ ಮಲ್ಲಿಕಾರ್ಜುನನ, ಪಾದಯಾತ್ರೆ. ಈ ಎರಡೂ ಕಡೆ ನನಗೆ ಆಗುವುದೇನು ಅಂತ ನೋಡಿಕೊಳ್ಳುವ ಹುಚ್ಚು ಹತ್ತಿ ಬಹಳ ವರ್ಷವಾಯಿತು. ಲ್ಯಾಬಿನ ಅಭ್ಯಾಸ ಇದ್ದವನಿಗೆ ಬರೆದಿಡದೆ ಇರಲು ಆಗುವುದಿಲ್ಲ. ಜೇಬಿನಲ್ಲಿ ಹಿಡಿಯುವ ಒಂದು ನೋಟ್‌ಬುಕ್ ಇಟ್ಟುಕೊಂಡೆ.

ಪುಟಕ್ಕೆ ಮೂರು ಭಾಗ. ಮೊದಲ ಭಾಗದಲ್ಲಿ ಮೈಯ ವಿಚಾರ: ರಾತ್ರಿ ಎಷ್ಟು ನಿದ್ದೆ ಆಯಿತು, ಏನು ತಿಂದೆ, ಬಿಸಿಲು ಎಷ್ಟಿತ್ತು, ಎಲ್ಲಿ ನೋವು. ಎರಡನೆಯದರಲ್ಲಿ ಆದದ್ದು. ಇಲ್ಲಿ ನನಗೆ ನಾನೇ ಹಾಕಿಕೊಂಡ ಕಟ್ಟುನಿಟ್ಟು ಒಂದಿದೆ. ದೇವರು ಅನ್ನುವ ಪದವನ್ನೂ ಬರೆಯುವಂತಿಲ್ಲ, ಮೆದುಳು ಅನ್ನುವ ಪದವನ್ನೂ ಬರೆಯುವಂತಿಲ್ಲ. ಕಂಡದ್ದು, ಕೇಳಿದ್ದು, ಅನಿಸಿದ್ದು, ಅಷ್ಟೇ. ಮೂರನೆಯ ಭಾಗ ಅರ್ಥಕ್ಕೆ. ಅದನ್ನು ಅವತ್ತು ಖಾಲಿ ಬಿಡುತ್ತೇನೆ. ಬರೆಯುವುದು ಅದೇ ದಿನ ಆಗಬೇಕು. ಇಂಥ ಸಂಗತಿಯನ್ನು ನಾಲ್ಕು ಜನರ ಮುಂದೆ ಹೇಳಿದ ಮೇಲೆ ಅದು ತಾನಾಗಿ ಚೆಂದ ಆಗಿಬಿಡುತ್ತದೆ. ಹೇಳುವವನಿಗೂ ಗೊತ್ತಾಗುವುದಿಲ್ಲ.

ಮೊದಲು ಮನೆಯ ಪೂಜೆ. ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈ ಮೇಲೆ ಇಟ್ಟುಕೊಳ್ಳುತ್ತೇನೆ. ನೀರು, ವಿಭೂತಿ, ಪತ್ರಿ, ಒಂದು ಹೂವು. ಇದಕ್ಕೆಲ್ಲ ಜಾಸ್ತಿ ಹೊತ್ತು ಬೇಡ. ಆಮೇಲೆ ಹೂಪತ್ರಿ ತೆಗೆದು, ಅಂಗೈಯನ್ನು ಕಣ್ಣಿನ ಎದುರಿಗೆ ತಂದು, ಮೊಣಕೈ ಊರಿ ಕೂರುವುದು. ದೀಪ ಪಕ್ಕಕ್ಕೆ ಇರಬೇಕು, ಸ್ವಲ್ಪ ಹಿಂದೆ. ಆಗ ಲಿಂಗದ ಕಪ್ಪು ಮೈ ಮೇಲೆ ಆ ಬೆಳಕು ಸಾಸಿವೆಯಷ್ಟು ಚುಕ್ಕೆಯಾಗಿ ಬೀಳುತ್ತದೆ. ಅದನ್ನೇ ನೋಡುವುದು. ಬಾಯೊಳಗೆ ಪಂಚಾಕ್ಷರಿ. ಕಣ್ಣಿಗೆ ಹಟ ಮಾಡಬಾರದು. ರೆಪ್ಪೆ ಬಡಿದರೆ ಬಡಿಯಲಿ. ನೀರು ಬಂದರೆ ಒರೆಸಿಕೊಂಡು ಮತ್ತೆ ನೋಡುವುದು.

ಸ್ವಲ್ಪ ಹೊತ್ತಿಗೆ ಅಂಗೈಯ ಅಂಚು ಮಸುಕಾಗುತ್ತದೆ. ಆಮೇಲೆ ಬೆರಳುಗಳು. ಆಮೇಲೆ ಎದುರಿನ ಗೋಡೆ, ಅದರ ಮೇಲಿನ ಕ್ಯಾಲೆಂಡರ್. ಚುಕ್ಕೆ ಮಾತ್ರ ಉಳಿಯುತ್ತದೆ. ಮೊದಲ ಸಲ ಹೀಗಾದಾಗ ಮೈ ಜುಂ ಅಂದಿತ್ತು. ಆದರೆ ಇದಕ್ಕೆ ಹೆಸರಿದೆ. ಟ್ರಾಕ್ಸ್‌ಲರ್ ಅನ್ನುವ ಸ್ವಿಸ್ ವೈದ್ಯ 1804ರಲ್ಲೇ ಇದನ್ನು ಬರೆದಿಟ್ಟಿದ್ದಾನೆ. ನೋಟ ಒಂದೇ ಬಿಂದುವಿನ ಮೇಲೆ ನಿಂತರೆ, ಅಕ್ಕಪಕ್ಕ ಬದಲಾಗದೆ ಇರುವ ಚಿತ್ರವನ್ನು ನಮ್ಮ ನೋಡುವ ವ್ಯವಸ್ಥೆ ಮೆಲ್ಲಗೆ ಕೈಬಿಡುತ್ತದೆ. ಇದನ್ನು ನಾನು ಒಂಬತ್ತನೇ ತರಗತಿ ಮಕ್ಕಳಿಗೆ ಮಾಡಿಸುತ್ತೇನೆ. ಹಾಳೆಯ ನಡುವೆ ಒಂದು ಚುಕ್ಕೆ, ಸುತ್ತ ತೆಳು ಬಣ್ಣದ ಮಸುಕು ಮಸುಕು ಕಲೆ. ಚುಕ್ಕೆಯನ್ನೇ ನೋಡ್ರಪ್ಪಾ ಅಂದರೆ ಅರ್ಧ ನಿಮಿಷದೊಳಗೆ ಹಿಂದಿನ ಬೆಂಚಿನಿಂದ "ಸರ್, ಹೋತ್ರಿ!" ಅಂತ ಕೂಗು ಬರುತ್ತದೆ.

ಹಾಗಾದರೆ ನನ್ನ ಪೂಜೆಯೂ ಅಷ್ಟೇನಾ? ಗೋಡೆ ಮಾಯವಾಗುವ ತನಕ ಅಷ್ಟೇ. ಅದನ್ನು ಶಿವನ ಲೆಕ್ಕಕ್ಕೆ ಬರೆಯಲು ನಾನು ಒಪ್ಪುವುದಿಲ್ಲ. ಆದರೆ ಕೆಲವು ದಿನ, ಎಲ್ಲ ದಿನ ಅಲ್ಲ, ಗೋಡೆ ಹೋದ ಮೇಲೆ ಇನ್ನೊಂದು ಸಂಗತಿ ಆಗುತ್ತದೆ. "ನಾನು ನೋಡುತ್ತಿದ್ದೇನೆ" ಅನ್ನುವುದು ಸಡಿಲವಾಗುತ್ತದೆ. ನೋಟ ಇರುತ್ತದೆ, ನೋಡುವವನ ಗದ್ದಲ ಇರುವುದಿಲ್ಲ. ಖುಷಿ ಅನ್ನುವ ಹಾಗಿಲ್ಲ. ಭಯವೂ ಇಲ್ಲ. ಎಷ್ಟು ಹೊತ್ತು ಅಂತ ಒಳಗಿದ್ದಾಗ ತಿಳಿಯುವುದಿಲ್ಲ, ಗಡಿಯಾರ ನೋಡಿದರೆ ಒಂದೆರಡು ನಿಮಿಷ. ಮಕ್ಕಳಿಗೆ ಹಾಳೆ ತೋರಿಸಿದಾಗ ಇದು ಆದದ್ದನ್ನು ನಾನು ಕಂಡಿಲ್ಲ. ನನಗೂ ಹಾಳೆಯ ಮುಂದೆ ಆಗಿಲ್ಲ.

ಶರಣರು ಹೇಳುವ ಆರು ಸ್ಥಲಗಳಲ್ಲಿ, ಅಂದರೆ ಸಾಧನೆಯ ಮೆಟ್ಟಿಲುಗಳಲ್ಲಿ, ನಾಲ್ಕನೆಯದು ಪ್ರಾಣಲಿಂಗಿ. ಅಂಗೈಯ ಲಿಂಗ ಹೊರಗಿನ ವಸ್ತುವಾಗಿ ಉಳಿಯದೆ ತನ್ನ ಉಸಿರಿನೊಳಗೆ ಸೇರುವ ನೆಲೆ ಅದು. ನಾನು ಆ ಮೆಟ್ಟಿಲಿನಲ್ಲಿ ನಿಂತಿದ್ದೇನೆ ಅಂತ ಹೇಳಿಕೊಂಡರೆ ನಮ್ಮ ಮಠದ ಅಜ್ಜಾರು ನಕ್ಕುಬಿಡುತ್ತಾರೆ. ಮೊದಲನೆಯ ಭಕ್ತಸ್ಥಲದಲ್ಲೇ ನನ್ನ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ. ಆದರೆ ಆ ಮೆಟ್ಟಿಲು ಯಾವ ದಿಕ್ಕಿಗಿದೆ ಅನ್ನುವುದು ಆ ಒಂದೆರಡು ನಿಮಿಷದಲ್ಲಿ ತಿಳಿಯುತ್ತದೆ.

ಇಲ್ಲಿ ನನಗೆ ಬೇಕಾದ ಒಂದು ಮಾತು ಸಿಕ್ಕಿತು. ಅನುಭವ ಹೇಗೆ ಹುಟ್ಟಿತು ಅನ್ನುವುದು ಒಂದು ಪ್ರಶ್ನೆ. ಅದರಲ್ಲಿ ಏನಿದೆ ಅನ್ನುವುದು ಬೇರೆ ಪ್ರಶ್ನೆ. ಹಸಿವಿನಿಂದ ಬಂತು, ನಿದ್ದೆಗೆಟ್ಟು ಬಂತು, ಕಣ್ಣಿನ ಆಟದಿಂದ ಬಂತು ಅಂತ ತೋರಿಸಿದರೆ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. ಎರಡನೆಯದು ಇದ್ದಲ್ಲೇ ಇದೆ. ಅಮೆರಿಕದ ಮನಃಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1901-02ರಲ್ಲಿ ಎಡಿನ್‌ಬರೋದಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಇದನ್ನೇ ವಾದಿಸಿದ್ದ. ಸಂತನಿಗೆ ಮೂರ್ಛೆರೋಗ ಇತ್ತು ಅಂತ ಹೇಳಿ ಅವನ ಮಾತನ್ನು ತಳ್ಳಿಹಾಕುವವರ ಮೇಲೆ ಅವನಿಗೆ ಬಹಳ ಸಿಟ್ಟು. ಹಾಗೆ ನೋಡಿದರೆ ನಾಸ್ತಿಕನ ಮಾತಿಗೂ ಅವನ ಮೈಯಲ್ಲಿ ಎಲ್ಲೋ ಒಂದು ಕಾರಣ ಇದ್ದೇ ಇರುತ್ತದೆ, ಅಲ್ವಾ?

ಇನ್ನು ದಾರಿ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯಿಂದ ಯುಗಾದಿಗೆ ಮುಂಚೆ ಹೊರಡುವ ಮಂದಿ ಸಣ್ಣದಲ್ಲ. ನಮ್ಮ ಗುಂಪು ಇಳಕಲ್, ಮುದಗಲ್, ಲಿಂಗಸುಗೂರು, ರಾಯಚೂರು ಹಿಡಿದು ಕರ್ನೂಲಿನ ಕಡೆ ಇಳಿಯುತ್ತದೆ. ಕೆಲವರ ಹೆಗಲ ಮೇಲೆ ಮಲ್ಲಯ್ಯನ ಕಂಬಿ, ಅಂದರೆ ಹರಕೆಯ ಕಾವಡಿ. ಕೆಲವರು ಹರಕೆ ಹೊತ್ತು ಮರಗಾಲಿನ ಮೇಲೆ ನಡೆಯುತ್ತಾರೆ. ಬಿಸಿಲು ಏರಿದ ಮೇಲೆ ಡಾಂಬರಿನ ಮೇಲೆ ಕಾಲಿಡಲು ಆಗುವುದಿಲ್ಲ. ಹಾಗಾಗಿ ನಡೆಯುವುದೆಲ್ಲ ರಾತ್ರಿ ಮತ್ತು ನಸುಕಿನಲ್ಲಿ.

ಗುಂಪಿನಲ್ಲಿ ಆಗುವ ಅನುಭವ ಎಲ್ಲಕ್ಕಿಂತ ಸುಲಭವಾಗಿ ಬರುತ್ತದೆ. ನಡುರಾತ್ರಿ ದಾಟಿದೆ, ಎಲ್ಲರ ಕಾಲಲ್ಲೂ ಬೊಬ್ಬೆ, ಯಾರೂ ಮಾತಾಡುತ್ತಿಲ್ಲ. ಮುಂದಿನಿಂದ ಒಬ್ಬ "ಮಲ್ಲಯ್ಯ ಮಹಾರಾಜ್ ಕೀ..." ಅಂತ ಎಳೆಯುತ್ತಾನೆ. ಹಿಂದಿನವರೆಲ್ಲ "ಜೈ" ಅನ್ನುತ್ತಾರೆ. ನಾಲ್ಕಾರು ಸಲ ಆಗುವಷ್ಟರಲ್ಲಿ ಹೆಜ್ಜೆ ಕೂಡಿಕೊಳ್ಳುತ್ತದೆ. ಆಮೇಲೆ ಒಂದು ತತ್ವಪದ. ನನ್ನ ದನಿ ಯಾವುದು, ಪಕ್ಕದವನದು ಯಾವುದು ಅಂತ ಬಿಡಿಸಲು ಆಗುವುದಿಲ್ಲ. ಕಾಲಿನ ನೋವು ಇದೆ, ಆದರೆ ಅದು ನನ್ನದು ಅನಿಸುವುದಿಲ್ಲ. ಎಷ್ಟೋ ಮೈಲಿ ಹಾಗೆ ಹೋಗಿಬಿಡುತ್ತದೆ.

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಡರ್ಕ್‌ಹೈಮ್ 1912ರಲ್ಲಿ ಆಸ್ಟ್ರೇಲಿಯಾದ ಮೂಲನಿವಾಸಿಗಳ ಕೂಟಗಳ ಬಗ್ಗೆ ಬರೆಯುತ್ತ ಈ ಉಕ್ಕನ್ನೇ ಧರ್ಮದ ಬೇರು ಅಂದ. ಗುಂಪು ತನ್ನದೇ ಶಕ್ತಿಯನ್ನು ಅನುಭವಿಸುತ್ತದೆ, ಅದಕ್ಕೆ ದೇವರು ಅಂತ ಹೆಸರಿಡುತ್ತದೆ ಅನ್ನುವುದು ಅವನ ವಾದ. ಅರ್ಧ ಒಪ್ಪುತ್ತೇನೆ. ಕ್ರಿಕೆಟ್ ಮೈದಾನದಲ್ಲೂ ಚುನಾವಣಾ ಸಭೆಯಲ್ಲೂ ನನಗೆ ಹೀಗೇ ಆಗಿದೆ, ಮೈ ಮರೆತು ಕೂಗಿದ್ದೇನೆ. ಆದ್ದರಿಂದ ಬರೀ ಉಕ್ಕು ಕಂಡು ಇದು ಭಕ್ತಿ ಅಂತ ನಾನು ಬರೆಯುವುದಿಲ್ಲ. ನಾನು ನೋಡುವುದು ಉಕ್ಕು ಇಳಿದ ಮೇಲೆ ಏನು ನಡೆಯುತ್ತದೆ ಅಂತ. ದಾರಿಯುದ್ದಕ್ಕೂ ದಾಸೋಹದ ಚಪ್ಪರಗಳು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮಜ್ಜಿಗೆ. ಅಲ್ಲಿ ಹೊಲದ ಯಜಮಾನರೇ ಬಿಸಿನೀರಿನ ಬೋಗುಣಿ ಇಟ್ಟುಕೊಂಡು ಗುರುತಿಲ್ಲದವರ ಕಾಲು ತೊಳೆದು ಎಣ್ಣೆ ತಿಕ್ಕುತ್ತಾರೆ. ನನ್ನ ಕಾಲನ್ನು ಹೀಗೆ ಹಿಡಿದ ಒಬ್ಬರು ನನ್ನ ತಂದೆಯ ವಯಸ್ಸಿನವರು. ಹಿಂದೆ ಎಳೆದುಕೊಂಡೆ. "ಸುಮ್ನ ಕೂಡ್ರಿ ಮಾಸ್ತರ, ನಿಮ್ಮ ಕಾಲಲ್ಲ ಇದು" ಅಂದರು. ಇಂಥದ್ದು ಯಾವ ಚುನಾವಣಾ ಸಭೆಯ ನಂತರವೂ ನಾನು ಕಂಡಿಲ್ಲ.

ಆತ್ಮಕೂರು ದಾಟಿ ವೆಂಕಟಾಪುರಂನಿಂದ ಕಾಡು ಶುರು. ನಲ್ಲಮಲ. ನಾಗಾರ್ಜುನಸಾಗರ-ಶ್ರೀಶೈಲಂ ಹುಲಿ ಸಂರಕ್ಷಿತ ಪ್ರದೇಶದ ಭಾಗ ಇದು. ವಿಸ್ತೀರ್ಣದಲ್ಲಿ ದೇಶದಲ್ಲೇ ದೊಡ್ಡದು. ಶಿವರಾತ್ರಿ, ಯುಗಾದಿ ಸಮಯದಲ್ಲಿ ಯಾತ್ರಿಕರಿಗೆ ದಾರಿ ಬಿಡುತ್ತಾರೆ. ನಾಗಲೂಟಿಯಲ್ಲಿ ವೀರಭದ್ರನ ಗುಡಿ, ಮುಂದೆ ಪೆಚ್ಚೆರುವು, ಅಲ್ಲಿಂದ ಭೀಮುನಿ ಕೊಲನು, ಆಮೇಲೆ ಏರಿ ಏರಿ ಕೈಲಾಸ ದ್ವಾರ. ಹೆಜ್ಜೆಗೊಂದು ಕಲ್ಲು. ನೆರಳು ಕಡಿಮೆ, ನೀರು ಇನ್ನೂ ಕಡಿಮೆ.

ಪೆಚ್ಚೆರುವು ಬಿಟ್ಟ ಮೇಲೆ ಒಂದು ವರ್ಷ ನಾನು ಗುಂಪಿನಿಂದ ಸ್ವಲ್ಪ ಹಿಂದೆ ಬಿದ್ದಿದ್ದೆ. ಇನ್ನೂ ನಸುಕು. ಎಡಗಡೆ, ಒಂದು ಹೆಜ್ಜೆ ಹಿಂದೆ, ಯಾರೋ ಬರುತ್ತಿದ್ದಾರೆ ಅಂತ ಅನಿಸಿತು. ಸಪ್ಪಳ ಇಲ್ಲ. ನೆರಳೂ ಇಲ್ಲ. ತಿರುಗಿ ನೋಡಿದರೆ ಯಾರೂ ಇಲ್ಲ. ಮತ್ತೆ ನಡೆದರೆ ಮತ್ತೆ ಇದ್ದಾರೆ. ಹೆದರಿಕೆ ಆಗಲಿಲ್ಲ, ಅದೇ ವಿಚಿತ್ರ. ಹುಲಿ ಇರುವ ಕಾಡಿನಲ್ಲಿ ಹಿಂದೆ ಯಾರೋ ಇದ್ದಾರೆ ಅನಿಸಿದರೆ ಜೀವ ಬಾಯಿಗೆ ಬರಬೇಕಿತ್ತು. ನನಗೆ ಧೈರ್ಯ ಬಂತು. ಮುಂದಿನವರ ಟಾರ್ಚ್ ಬೆಳಕು ಕಂಡ ಕೂಡಲೇ ಅದು ಹೋಯಿತು.

ಅವತ್ತಿನ ಮೈಯ ಕಾಲಂನಲ್ಲಿ ಬರೆದದ್ದು ಹೀಗಿದೆ: ನಿದ್ದೆ ಇಲ್ಲ, ಹಿಂದಿನ ರಾತ್ರಿ ಅರ್ಧ ರೊಟ್ಟಿ, ನೀರು ಸಾಲದು, ಬಲ ಮೊಣಕಾಲು ಊದಿದೆ. ಇಂಥ ಹೊತ್ತಿನಲ್ಲಿ ಹೀಗೆ ಆಗುತ್ತದೆ ಅನ್ನುವುದಕ್ಕೆ ಹೆಸರಾದ ಸಾಕ್ಷಿ ಇದೆ. 1916ರ ಮೇ ತಿಂಗಳಲ್ಲಿ ದಕ್ಷಿಣ ಜಾರ್ಜಿಯಾ ದ್ವೀಪದ ಹಿಮದ ಬೆಟ್ಟಗಳನ್ನು ದಕ್ಷಿಣ ಧ್ರುವದ ಅನ್ವೇಷಕ ಶ್ಯಾಕಲ್‌ಟನ್ ಮತ್ತು ಇನ್ನಿಬ್ಬರು ಒಂದೂವರೆ ದಿನದಲ್ಲಿ ನಡೆದು ದಾಟಿದರು. ತಾವು ಮೂವರಲ್ಲ, ನಾಲ್ವರು ಇದ್ದೇವೆ ಅಂತ ಅನಿಸುತ್ತಿತ್ತು ಅಂತ ಆಮೇಲೆ ಶ್ಯಾಕಲ್‌ಟನ್ ಬರೆದ. ಪರ್ವತ ಹತ್ತುವವರು, ಒಬ್ಬರೇ ಹಡಗು ನಡೆಸುವವರು ಎಷ್ಟೋ ಜನ ಇದನ್ನೇ ಹೇಳಿದ್ದಾರೆ. ಅವರಲ್ಲಿ ದೇವರನ್ನು ನಂಬದವರೂ ಇದ್ದಾರೆ.

ಕೈಲಾಸ ದ್ವಾರದಲ್ಲಿ ಕೂತಾಗ ನಮ್ಮ ಗುಂಪಿನ ಹಿರಿಯ ರೈತರೊಬ್ಬರಿಗೆ ಹೇಳಿದೆ. ಅವರು ಕಾಲಿಗೆ ಕಟ್ಟಿದ ಬಟ್ಟೆ ಬಿಚ್ಚುತ್ತ, ತಲೆ ಎತ್ತದೆ, "ಅಂವ ಬರ್ತಾನ ಬಿಡ್ರಿ. ಹೊಸಾ ಮಂದಿ ದಾರಿ ತಪ್ಪಬಾರದಲ್ಲ" ಅಂದರು. ಅವರ ದನಿಯಲ್ಲಿ ಬೆರಗೂ ಇರಲಿಲ್ಲ, ಭಕ್ತಿಯ ಪ್ರದರ್ಶನವೂ ಇರಲಿಲ್ಲ. ಬಸ್ಸು ಬರುತ್ತದೆ ಅನ್ನುವ ಹಾಗೆ ಹೇಳಿದರು. ಎರಡೂ ವಿವರಣೆ ನನ್ನ ಪುಟದಲ್ಲಿವೆ, ಒಂದರ ಕೆಳಗೆ ಒಂದು. ಒಂದನ್ನು ಹೊಡೆದುಹಾಕುವ ಅಗತ್ಯ ನನಗೆ ಬಿದ್ದಿಲ್ಲ.

ಭಯದ ಅನುಭವ ಬೇರೆಯೇ. ಯುಗಾದಿ ಉತ್ಸವದಲ್ಲಿ ಶ್ರೀಶೈಲದಲ್ಲಿ ಕನ್ನಡದ ಪುರವಂತರು, ಅಂದರೆ ವೀರಭದ್ರನ ಕುಣಿತದವರು, ವೀರಾಚಾರ ಮಾಡುತ್ತಾರೆ, ಅಗ್ನಿಗುಂಡ ಹಾಯುತ್ತಾರೆ. ಸಮಾಳ ಅನ್ನುವ ಚರ್ಮವಾದ್ಯದ ಪೆಟ್ಟು, ವೀರಭದ್ರನನ್ನು ಹೊಗಳುವ ಒಡಪು, ಕೈಯಲ್ಲಿ ಕತ್ತಿ. ಗಲ್ಲಕ್ಕೆ ಶಸ್ತ್ರ ಹಾಕಿಕೊಳ್ಳುವ ಗಳಿಗೆಯಲ್ಲಿ ನಾನು ಎಷ್ಟೋ ಸಲ ಕಣ್ಣು ಮುಚ್ಚಿದ್ದೇನೆ. ಓಡಿಹೋಗಬೇಕು ಅನಿಸುತ್ತದೆ, ಕಾಲು ಮುಂದಕ್ಕೇ ಎಳೆಯುತ್ತದೆ. ಜರ್ಮನಿಯ ಧರ್ಮಶಾಸ್ತ್ರಜ್ಞ ರುಡಾಲ್ಫ್ ಆಟ್ಟೊ 1917ರಲ್ಲಿ ಪವಿತ್ರವಾದದ್ದರ ಮುಂದೆ ಮನುಷ್ಯನಿಗೆ ಆಗುವುದು ಇದೇ ಅಂದ: ನಡುಕ ಮತ್ತು ಸೆಳೆತ, ಎರಡೂ ಒಟ್ಟಿಗೆ. ಒಳ್ಳೆಯದು, ಕೆಟ್ಟದ್ದು ಅನ್ನುವ ವಿಚಾರ ಅಲ್ಲಿ ಆಮೇಲೆ ಬರುವಂಥದ್ದು. ನಮ್ಮ ವೀರಭದ್ರನನ್ನು ಅವನು ನೋಡಿರಲಿಲ್ಲ. ನೋಡಿದ್ದರೆ ಇನ್ನೊಂದು ಅಧ್ಯಾಯ ಬರೆಯುತ್ತಿದ್ದ.

ಆದರೆ ನನ್ನದು ನೋಡುವವನ ಭಯ. ಒಳಗಿರುವವನದು ಹೇಗೆ? ಪರಿಚಯದ ಪುರವಂತರೊಬ್ಬರನ್ನು ಮರುದಿನ ಚಹಾದಂಗಡಿಯಲ್ಲಿ ಕೇಳಿದೆ. "ಸಮಾಳ ಬಿದ್ದಮ್ಯಾಲ ನಾ ಇರೂದಿಲ್ರೀ" ಅಂದರು. ನೋವು? "ಇದ್ದವ್ರಿಗೆ ನೋವು." ಅಷ್ಟು ಹೇಳಿ, ಮಗನಿಗೆ ಪಿಯುಸಿಯಲ್ಲಿ ಸೈನ್ಸ್ ಕೊಡಿಸಲೋ ಕಾಮರ್ಸ್ ಕೊಡಿಸಲೋ ಅಂತ ನನ್ನನ್ನೇ ಕೇಳಿದರು. ನಾನು ಪೂಜೆಯಲ್ಲಿ ಕಷ್ಟಪಟ್ಟು, ಮೆಲ್ಲಗೆ, ಕೆಲವೇ ದಿನ ತಲುಪುವ "ನಾನು ಇಲ್ಲ" ಅನ್ನುವುದನ್ನು ಅವರು ಚರ್ಮವಾದ್ಯದ ಪೆಟ್ಟಿಗೆ ತಲುಪುತ್ತಾರೆ. ಎರಡೂ ಒಂದೇ ಅಂತ ಹೇಳಲಾರೆ. ನನ್ನದರಲ್ಲಿ ಖಾಲಿ ಜಾಗ ಉಳಿಯುತ್ತದೆ. ಅವರದರಲ್ಲಿ ಆ ಜಾಗಕ್ಕೆ ವೀರಭದ್ರ ಬಂದು ಕೂರುತ್ತಾನೆ.

ಈಗ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡಿದ ಸಂಗತಿ.

ನಮ್ಮ ಕಡೆಯವರಿಗೆ ಶ್ರೀಶೈಲದ ಭ್ರಮರಾಂಬೆ ಮನೆಮಗಳು, ಮಲ್ಲಯ್ಯ ಅಳಿಯ. ಯುಗಾದಿಗೆ ಹೋಗುವುದು ಅಂದರೆ ಮಗಳನ್ನು ನೋಡಿ, ಸೀರೆ ಕೊಟ್ಟು, ಉಡಿ ತುಂಬಿ ಬರುವುದು. ನಲ್ಲಮಲದ ಚೆಂಚು ಬುಡಕಟ್ಟಿನ ಜನಕ್ಕೂ ಮಲ್ಲಯ್ಯ ಅಳಿಯನೇ, ಚೆಂಚು ಮಲ್ಲಯ್ಯ. ನಮ್ಮ ಗುಂಪಿನಲ್ಲಿ ಒಬ್ಬ ಅವ್ವ ಇದ್ದರು. ವಯಸ್ಸು ಎಪ್ಪತ್ತರ ಹತ್ತಿರ. ಚೀಲದಲ್ಲಿ ತಮ್ಮ ಬಟ್ಟೆಗಿಂತ ಮಗಳ ಸಾಮಾನೇ ಜಾಸ್ತಿ. ಇಳಕಲ್ ಸೀರೆಯನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಅದರ ಮೇಲೆ ಟವೆಲ್ ಸುತ್ತಿ, ಮಲಗುವಾಗ ತಲೆ ಕೆಳಗೆ ಇಟ್ಟುಕೊಳ್ಳುತ್ತಿದ್ದರು. ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬು, ಅಡಿಕೆ, ಒಂದು ಡಜನ್ ಹಸಿರು ಬಳೆ. ಬಳೆ ಒಡೆಯಬಾರದು ಅಂತ ಅವನ್ನು ಅಕ್ಕಿಯ ಗಂಟಿನೊಳಗೆ ಹುದುಗಿಸಿದ್ದರು. ಕಾಡಿನ ಏರಿನಲ್ಲಿ ಚೀಲ ನಾನು ಹೊರುತ್ತೇನೆ ಅಂದೆ. ಕೊಡಲಿಲ್ಲ. "ತವರುಮನಿಯಿಂದ ಬಂದದ್ದು ಅವ್ವನ ಕೈಯಾಗ ಇರಬೇಕಪ್ಪಾ" ಅಂದರು.

ಅಮ್ಮನವರ ಗುಡಿಯ ಸಾಲಿನಲ್ಲಿ ನಾನು ಅವರ ಹಿಂದೆಯೇ ಇದ್ದೆ. ಬಾಗಿಲ ಹತ್ತಿರ ಬಂದ ಮೇಲೆ ಅವರು ಕೈ ಮುಗಿಯಲಿಲ್ಲ. ಸೆರಗು ಸರಿ ಮಾಡಿಕೊಂಡು ಒಳಗೆ ನೋಡಿ, "ಆರಾಮ ಅದೀಯೇನವ್ವಾ?" ಅಂತ ಕೇಳಿದರು. ದನಿ ಇಳಿಸಿಯೂ ಇಲ್ಲ, ಏರಿಸಿಯೂ ಇಲ್ಲ. ಮಳೆ ಸರಿಯಾಗಲಿಲ್ಲ ಅಂತ ಹೇಳಿದರು. ತೊಗರಿ ಕೈಕೊಟ್ಟಿತು, ಅದಕ್ಕೆ ಈ ಸಲ ಸೀರೆ ಸ್ವಲ್ಪ ಕಡಿಮೆ ಬೆಲೆಯದು ಅಂತ ಹೇಳಿದರು. ಹಿಂದಿನವರು ತಳ್ಳುತ್ತಿದ್ದರು. ಸೀರೆ, ಉಡಿ ಅರ್ಚಕರ ಕೈಗೆ ಹೋಯಿತು. ಹೊರಗೆ ಬಂದು ಕಂಬಕ್ಕೆ ಒರಗಿ ಕೂತು ಅತ್ತರು. ಭಕ್ತಿ ಉಕ್ಕಿದವರ ಅಳು ಹಾಗಿರುವುದಿಲ್ಲ. ಮಗಳನ್ನು ಗಂಡನ ಮನೆಯಲ್ಲಿ ಬಿಟ್ಟು ಬರುವ ತಾಯಿಯ ಅಳು ಅದು, ನಮ್ಮ ಮನೆಯಲ್ಲೂ ನೋಡಿದ್ದೇನೆ. ನಾನು ಪಕ್ಕದಲ್ಲಿ ಕೂತೆ. ನನಗೂ ಕಣ್ಣು ತುಂಬಿತು. ಯಾಕೆ ಅಂತ ನೋಟ್‌ಬುಕ್ಕಿನಲ್ಲಿ ಬರೆಯಲು ಹೋದರೆ ಎರಡನೇ ಕಾಲಂನ ನಿಯಮ ಮುರಿಯದೆ ಒಂದು ಸಾಲೂ ಬರಲಿಲ್ಲ.

ಜೇಮ್ಸ್ ಇಂಥ ಅನುಭವಕ್ಕೆ ನಾಲ್ಕು ಗುರುತು ಹೇಳುತ್ತಾನೆ. ಮಾತಿಗೆ ಸಿಗುವುದಿಲ್ಲ. ಏನೋ ತಿಳಿಯಿತು ಅನ್ನುವ ಭಾವ ಇರುತ್ತದೆ. ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನಾವು ಮಾಡಿದ್ದಲ್ಲ, ನಮಗೆ ಆದದ್ದು ಅನಿಸುತ್ತದೆ. ನನ್ನ ಅಂಗೈಯ ಚುಕ್ಕೆಗೆ ಇವು ಹೊಂದುತ್ತವೆ. ಕಾಡಿನ ಜೊತೆಗಾರನಿಗೂ ಸುಮಾರಾಗಿ ಹೊಂದುತ್ತವೆ. ಅವ್ವನಿಗೆ ಒಂದೂ ಹೊಂದುವುದಿಲ್ಲ. ಅವರದು ಪೂರ್ತಿ ಮಾತು, ಸೀರೆಯ ಬೆಲೆಯೂ ಸೇರಿ. ಹೊಸದೇನೂ ತಿಳಿಯಲಿಲ್ಲ, ಮಗಳ ಯೋಗಕ್ಷೇಮ ಬಿಟ್ಟು. ಗಳಿಗೆಯದೂ ಅಲ್ಲ, ವರ್ಷವಿಡೀ ಇರುವಂಥದ್ದು. ಮನೆಯಲ್ಲಿ ಹೋಳಿಗೆ ಮಾಡಿದಾಗಲೆಲ್ಲ ಅವರಿಗೆ ಶ್ರೀಶೈಲದ ಮಗಳ ನೆನಪು. ತಾನಾಗಿ ಆದದ್ದೂ ಅಲ್ಲ, ಅಷ್ಟು ದೂರ ನಡೆದು ಮಾಡಿದ್ದು. ಒಂಟಿತನದಲ್ಲಿ ಮನುಷ್ಯನ ಭಾವನೆ, ನಡೆ, ಅನುಭವಗಳೇ ಧರ್ಮ ಅಂತ ಜೇಮ್ಸ್ ತನ್ನ ಉಪನ್ಯಾಸಕ್ಕೆ ಗೆರೆ ಎಳೆದುಕೊಂಡಿದ್ದ. ಆ ಗೆರೆಯ ಒಳಗೆ ಸಂತರು ಬರುತ್ತಾರೆ. ತವರಿನವರು ಬರುವುದಿಲ್ಲ. ನನ್ನ ಕೇಳಿದರೆ ನಮ್ಮ ಕಡೆಯ ಮುಕ್ಕಾಲು ಪಾಲು ಭಕ್ತಿ ಈ ಸಂಬಂಧದ ಬಗೆಯದೇ. ಅದನ್ನು ಅನುಭವ ಅಂತ ಯಾರೂ ಎಣಿಸದೆ ಇರುವುದು ಅನ್ಯಾಯ.

ಇದೇ ಮಲ್ಲಿಕಾರ್ಜುನನನ್ನು ಹನ್ನೆರಡನೇ ಶತಮಾನದಲ್ಲಿ ಅಕ್ಕಮಹಾದೇವಿ ಗಂಡ ಅಂದಳು. ಅರಮನೆ ಬಿಟ್ಟು, ಕಲ್ಯಾಣಕ್ಕೆ ಹೋಗಿ, ಅಲ್ಲಿಂದ ಈ ಬೆಟ್ಟಕ್ಕೇ ಬಂದಳು. ದೇವರು ಒಬ್ಬನೇ. ಅವಳಿಗೆ ಆದದ್ದು ಅಗಲಿದವಳ ಉರಿ, ಈ ಅವ್ವನಿಗೆ ಆದದ್ದು ಅತ್ತೆಯ ಕಾಳಜಿ. ಎಲ್ಲ ಅನುಭಾವಿಗಳ ಅನುಭವದ ತಿರುಳು ಒಂದೇ, ಹೇಳುವ ಮಾತು ಮಾತ್ರ ಬೇರೆ ಅಂತ ಸ್ಟೇಸ್ ಅನ್ನುವ ತತ್ವಶಾಸ್ತ್ರಜ್ಞ 1960ರಲ್ಲಿ ವಾದಿಸಿದ. ಇಲ್ಲ, ಸಂಪ್ರದಾಯ ಕಲಿಸಿದ ಮಾತು ಅನುಭವದ ಒಳಗೇ ಸೇರಿಕೊಂಡು ಅದನ್ನು ರೂಪಿಸುತ್ತದೆ ಅಂತ 1978ರಲ್ಲಿ ಸ್ಟೀವನ್ ಕ್ಯಾಟ್ಜ್ ಅನ್ನುವ ವಿದ್ವಾಂಸ ಎದುರು ಹೇಳಿದ. ಗುಡಿಯ ಕಂಬದ ಪಕ್ಕ ಕೂತವನಿಗೆ ಕ್ಯಾಟ್ಜ್ ಮಾತು ಹೆಚ್ಚು ಸರಿ ಕಾಣುತ್ತದೆ. ಬೆಳಿಗ್ಗೆ ಅಂಗೈ ನೋಡುತ್ತ ಕೂತವನಿಗೆ ಸ್ಟೇಸ್ ಕಡೆ ವಾಲಬೇಕು ಅನಿಸುತ್ತದೆ.

ಮಲ್ಲಯ್ಯನ ಗರ್ಭಗುಡಿಯ ಬಗ್ಗೆ ಹೇಳಲು ಕಡಿಮೆ ಇದೆ. ಶ್ರೀಶೈಲದಲ್ಲಿ ಭಕ್ತರು ಲಿಂಗವನ್ನು ಮುಟ್ಟಬಹುದು. ಗದ್ದಲ ಬಹಳ ಇದ್ದಾಗ ಬಿಡುವುದಿಲ್ಲ. ನನಗೆ ಸಿಕ್ಕಾಗ ಬಗ್ಗಿದೆ, ಹಣೆ ಹಚ್ಚಿದೆ. ತಣ್ಣಗಿತ್ತು, ಒದ್ದೆ ಇತ್ತು. ಹಿಂದಿನಿಂದ ಕೈ ಬಂತು, ಎದ್ದೆ. ಅಷ್ಟೇ. ಏನೂ ಆಗಲಿಲ್ಲ. ಅಷ್ಟು ದೂರ ನಡೆದು ಬಂದ ಜಾಗದಲ್ಲಿ ಏನೂ ಆಗದೆ ಇರುವುದು ಬಹಳ ಜನರಿಗೆ ಆಗುತ್ತದೆ. ಹೇಳಿಕೊಳ್ಳುವುದಿಲ್ಲ, ಅಷ್ಟೇ. ಎರಡನೇ ಕಾಲಂನಲ್ಲಿ "ಏನೂ ಇಲ್ಲ" ಅಂತ ಬರೆದ ಪುಟಗಳು ನನ್ನಲ್ಲಿ ಬೇಕಾದಷ್ಟಿವೆ. ಅವನ್ನೂ ಒಂದು ಬಗೆ ಅಂತಲೇ ಇಟ್ಟುಕೊಂಡಿದ್ದೇನೆ. ಹಾಗೆ ನೋಡಿದರೆ ಅಕ್ಕನ ವಚನಗಳಲ್ಲಿ ಎಷ್ಟೋ ಅವನು ಸಿಗದೆ ಇರುವುದರ ಬಗ್ಗೆಯೇ ಇವೆ.

ಲೆಕ್ಕಕ್ಕೆ ಸಿಗದೆ ಉಳಿದದ್ದು ಇನ್ನೊಂದಿದೆ. ಒಂದು ವರ್ಷ ಬಸ್ಸಿನಲ್ಲಿ ವಾಪಸ್ ಬರುವಾಗ ಲಿಂಗಸುಗೂರು ಬಸ್ ನಿಲ್ದಾಣದಲ್ಲಿ ಇಳಿದು ಮುಂದಿನ ಬಸ್ಸಿಗೆ ಕಾಯುತ್ತಿದ್ದೆ. ಹಿಂದಿನ ರಾತ್ರಿ ಚೆನ್ನಾಗಿ ಮಲಗಿದ್ದೆ. ಹೊಟ್ಟೆ ತುಂಬ ಇಡ್ಲಿ ತಿಂದಿದ್ದೆ. ಜಪ ಇಲ್ಲ, ಭಜನೆ ಇಲ್ಲ. ಕಂಡಕ್ಟರ್ ಸೀಟಿ ಊದುತ್ತ ಬಸ್ಸು ಹಿಂದಕ್ಕೆ ತೆಗೆಸುತ್ತಿದ್ದ. ಒಬ್ಬ ಹುಡುಗ ಚಹಾದ ಗ್ಲಾಸು ತೊಳೆಯುತ್ತಿದ್ದ. ಸೌತೆಕಾಯಿ ಮಾರುವಾಕೆ ಚಿಲ್ಲರೆಗೆ ಯಾರನ್ನೋ ಬೈಯುತ್ತಿದ್ದಳು. ಇದ್ದಕ್ಕಿದ್ದ ಹಾಗೆ ಅದೆಲ್ಲವೂ, ಬೈಗುಳವೂ ಸೇರಿ, ಇರಬೇಕಾದ ಹಾಗೇ ಇದೆ ಅನಿಸಿತು. ಯಾವುದೂ ಮಾಯವಾಗಲಿಲ್ಲ. ಎಲ್ಲ ಇನ್ನೂ ಸ್ಪಷ್ಟ ಆಯಿತು. ನಾನು ಬೇರೆ, ಅದು ಬೇರೆ ಅನ್ನುವುದು ಇರಲಿಲ್ಲ. ಬಸ್ಸು ಬಂತು, ಸೀಟು ಹಿಡಿಯುವ ಗಡಿಬಿಡಿಯಲ್ಲಿ ಹೋಯಿತು.

ಸ್ಟೇಸ್ ಇದಕ್ಕೂ ಹೆಸರಿಟ್ಟಿದ್ದಾನೆ. ಕಣ್ಣು ಒಳಕ್ಕೆ ತಿರುಗಿ ಆಗುವುದು ಒಂದು ಬಗೆ, ಕಣ್ಣು ತೆರೆದು ಹೊರಗಿನದರಲ್ಲೇ ಆಗುವುದು ಇನ್ನೊಂದು. ಹೆಸರು ಸಿಕ್ಕಿತು, ಕಾರಣ ಸಿಗಲಿಲ್ಲ. ಮೈಯ ಕಾಲಂನಲ್ಲಿ ತೋರಿಸಲು ಏನೂ ಇಲ್ಲ. ಮನೆಯಲ್ಲಿ ನಮ್ಮವಳಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. "ಬಸ್‌ಸ್ಟ್ಯಾಂಡಿನ್ಯಾಗ ಆಗೂದಿದ್ರ ಅಷ್ಟು ದೂರ ಯಾಕ ನಡಿತೀರಿ?" ಅಂದಳು. ಒಳ್ಳೆಯ ಪ್ರಶ್ನೆ. ನಡೆಯದೆ ಇದ್ದ ವರ್ಷ ಬಸ್ ನಿಲ್ದಾಣದಲ್ಲಿ ಏನಾದರೂ ಆಗಿದೆಯಾ ಅಂತ ಹಳೆಯ ಪುಟ ತಿರುವಿದೆ. ಆಗಿಲ್ಲ. ಇಷ್ಟಕ್ಕೇ ಏನೂ ಸಾಬೀತಾಗುವುದಿಲ್ಲ, ಇದು ಒಬ್ಬನದೇ ಲೆಕ್ಕ.

ಮೊದಲ ಸಲ ಹೊರಟವರು, ಅದರಲ್ಲೂ ಹುಡುಗರು, ಅನು‌ಭವ ಬೇಗ ಬರಲಿ ಅಂತ ದಾರಿಯಲ್ಲಿ ಉಪವಾಸ ಹಿಡಿಯುತ್ತಾರೆ, ನೀರು ಕಡಿಮೆ ಮಾಡುತ್ತಾರೆ. ಯುಗಾದಿಯ ಹೊತ್ತಿಗೆ ನಲ್ಲಮಲದ ಬಿಸಿಲಿನಲ್ಲಿ ಅದು ಜೀವಕ್ಕೇ ಕುತ್ತು. ತಲೆ ಸುತ್ತಿ ಬಿದ್ದವರನ್ನು ಭೀಮುನಿ ಕೊಲನಿನ ಮೆಟ್ಟಿಲ ಮೇಲೆ ಹೊತ್ತುಕೊಂಡು ಬರುವುದು ಉಳಿದವರ ಪಾಲಿಗೆ ಬರುತ್ತದೆ. ಸಕ್ಕರೆ ಕಾಯಿಲೆ, ಬಿಪಿ ಇದ್ದವರು ಮಾತ್ರೆ ಬಿಡಬಾರದು. ಲಿಂಗದ ಮೇಲೆ ನೋಟ ನಿಲ್ಲಿಸಿ ಕೂರುವುದನ್ನು ಯಾರಾದರೂ ತಿಳಿದವರ ಮುಂದೆ ಶುರು ಮಾಡಿ, ಕಣ್ಣು ಉರಿದರೆ ಅವತ್ತಿಗೆ ನಿಲ್ಲಿಸಿ. ಗ್ಲಾಕೋಮಾ ಇದ್ದವರು ಕಣ್ಣಿನ ವೈದ್ಯರನ್ನು ಕೇಳದೆ ಕೂರಬೇಡಿ. ಗುಂಪಿನ ಹಿರಿಯರು ಹೊತ್ತು ಹೊತ್ತಿಗೆ ಅಂಬಲಿ ಕೊಡುತ್ತಾರೆ. ಬೇಡ ಅನ್ನಬೇಡಿ, ಅವರು ನಿಮಗಿಂತ ಜಾಸ್ತಿ ಸಲ ನಡೆದವರು.